ದೀಪ ಮೇಯುವ ಕುದುರೆ

ಕಳೆದ ಫೆಬ್ರವರಿಯ ಎರಡನೇ ಶನಿವಾರ, ಮಧ್ಯಾಹ್ನ ಮೂರು ಗಂಟೆಗೆ, ಧರಣೇಂದ್ರ ತನ್ನ ದೂರದರ್ಶಕವನ್ನು ಹೆಗಲ ಮೇಲೆ ಹೊತ್ತುಕೊಂಡು ಸಿದ್ದವೀರಯ್ಯ ಮೇಷ್ಟ್ರ ಬಳಿಗೆ ಬಂದು ಕೇಳಿದ:

"ಮೇಷ್ಟ್ರೇ, ಆಕಾಶ ನೋಡುವವನಿಗೆ ಪಕ್ಕದ ದೀಪ ಆರಿಸಿ ಎಂದು ಕೇಳುವ ಹಕ್ಕು ಇದೆಯೋ ಇಲ್ಲವೋ?"

ಮೇಷ್ಟ್ರು ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವರು. ಈಗ ಮನೆಯ ಹಿಂದಿನ ಕೋಣೆಯಲ್ಲಿ, ಬಂದವರಿಗೆ ದೂರದರ್ಶಕದ ಕನ್ನಡಿ ಉಜ್ಜುವುದನ್ನು ಕಲಿಸುತ್ತಾರೆ. ಧರಣೇಂದ್ರ ಎರಡು ವರ್ಷದಿಂದ ಅವರ ಶಿಷ್ಯ. ಕನ್ನಡಿಯನ್ನು ಅಲ್ಲಿಯೇ ಉಜ್ಜಿದ್ದ. ಉಳಿದದ್ದನ್ನು ಮನೆಯಲ್ಲಿ ಜೋಡಿಸಿದ್ದ.

"ಮೊದಲು ಕೆಳಗೆ ಇಡು. ಭುಜ ನೋಯುತ್ತದೆ," ಎಂದರು ಮೇಷ್ಟ್ರು.

ಧರಣೇಂದ್ರ ದೂರದರ್ಶಕವನ್ನು ಇಟ್ಟ. ಜೇಬಿನಿಂದ ಒಂದು ಚಿತ್ರ ಮತ್ತು ಒಂದು ಅರ್ಜಿ ತೆಗೆದ. ಚಿತ್ರದಲ್ಲಿ ಒಂದು ಮಸುಕು ನೀಹಾರಿಕೆ ಇತ್ತು. ಅದರ ಮೇಲೆ ಅಡ್ಡಲಾಗಿ ಒಂದು ಬೆಳಕಿನ ಕಮಾನು ಬಿದ್ದಿತ್ತು. ಅರ್ಜಿ ಪಂಚಾಯಿತಿಗೆ ಬರೆದದ್ದು. ಊರ ತಿರುವಿನಲ್ಲಿ, ಗಾರ್ಮೆಂಟ್ಸ್ ಹೆಂಗಸರ ಬಸ್ಸು ನಿಲ್ಲುವಲ್ಲಿ, ಹೊಸದಾಗಿ ಹಾಕಿದ ದೀಪವನ್ನು ರಾತ್ರಿ ಎಂಟರ ನಂತರ ಆರಿಸಬೇಕು ಎಂದು ಅದರಲ್ಲಿತ್ತು. ಆರು ಮಂದಿ ಸಹಿ ಹಾಕಿದ್ದರು.

"ನೀವು ಸಹಿ ಹಾಕಿದರೆ ಅವರು ಇಲ್ಲ ಅನ್ನುವುದಿಲ್ಲ," ಎಂದ.

"ನಿನ್ನ ಕಡೆ ಎಲ್ಲ ನೋಡಿಕೊಂಡೆಯಾ?"

"ನೋಡಿದೆ ಮೇಷ್ಟ್ರೇ. ಕನ್ನಡಿ ತೊಳೆದೆ. ಕ್ಯಾಮೆರಾದ ಗಾಜು ಒರೆಸಿದೆ. ಕೊಳವೆಯ ತುಕ್ಕು ಹಿಡಿದ ತಿರುಪುಗಳನ್ನು ಕಿತ್ತು ಹೊಸದು ಹಾಕಿದೆ. ಒಂದು ತಿಂಗಳು ಇದೇ ಕೆಲಸ. ಅದೆಲ್ಲ ಮುಗಿಸಿ ತೆಗೆದ ಮೊದಲ ಚಿತ್ರವೇ ಇದು. ನನ್ನ ಕಡೆ ಏನೂ ಉಳಿದಿಲ್ಲ."

ಮೇಷ್ಟ್ರು ಎದ್ದರು. ಕೊಳವೆಯ ಬಾಯಿಯನ್ನು ಬಾಗಿಲಾಚೆಯ ಆಕಾಶಕ್ಕೆ ತಿರುಗಿಸಿದರು. ಸೂರ್ಯ ಮನೆಯ ಆಚೆ ಬದಿಗಿದ್ದ. ಕ್ಯಾಮೆರಾ ಬಿಚ್ಚಿ, ಅದು ಇದ್ದ ತೂತಿಗೆ ಕಣ್ಣಿಟ್ಟರು. ಸ್ವಲ್ಪ ಹೊತ್ತು ಹಾಗೆಯೇ ನಿಂತರು. ಆಮೇಲೆ ಮುಚ್ಚಳ ಮುಚ್ಚಿ ಬಂದು ಕೂತರು.

"ಕೂತ್ಕೋ. ಒಬ್ಬ ಆಟಿಕೆ ಮಾಡುವವನ ಕತೆ ಹೇಳುತ್ತೇನೆ," ಎಂದರು.

*

ಒಂದು ಊರಿನಲ್ಲಿ ಒಬ್ಬ ಆಟಿಕೆ ಮಾಡುವವನಿದ್ದ. ಹಾಲೆ ಮರವನ್ನು ಲೇತ್‌ಗೆ ಕಟ್ಟಿ ಕಡೆಯುವುದು, ಅದಕ್ಕೆ ಅರಗಿನ ಬಣ್ಣ ಒತ್ತುವುದು, ಕೇದಗೆ ಎಲೆಯಿಂದ ಉಜ್ಜಿ ಹೊಳಪು ತರುವುದು ಅವನ ಕೆಲಸ. ಅವನು ಹೆಚ್ಚಾಗಿ ಕುದುರೆಗಳನ್ನು ಮಾಡುತ್ತಿದ್ದ. ಅವನ ಕುದುರೆಯಲ್ಲಿ ಮುಖ ನೋಡಿಕೊಳ್ಳಬಹುದು ಎಂದು ಪೇಟೆಯಲ್ಲಿ ಹೇಳುತ್ತಿದ್ದರು.

ಆಕಾಶದಲ್ಲಿಯೂ ಒಂದು ಕುದುರೆ ಇದೆ ಎಂದು ಅವನು ಯಾವುದೋ ಪತ್ರಿಕೆಯಲ್ಲಿ ಓದಿದ. ಓರಿಯನ್ ಎನ್ನುವ ನಕ್ಷತ್ರಪುಂಜ, ನಮ್ಮ ಮಹಾವ್ಯಾಧ, ಅವನ ಸೊಂಟಪಟ್ಟಿಯ ಮೂರು ನಕ್ಷತ್ರಗಳಲ್ಲಿ ಕೊನೆಯದರ ಪಕ್ಕದಲ್ಲಿ. ಅದು ಕಪ್ಪು ಧೂಳಿನ ಮೋಡ. ಅದರ ಹಿಂದೆ ಮಸುಕು ಬೆಳಕು ಇರುವುದರಿಂದ ಕುದುರೆಯ ತಲೆಯಂತೆ ಕಾಣುತ್ತದೆ. ಬರಿಗಣ್ಣಿಗೆ ಕಾಣುವುದಿಲ್ಲ. ಕ್ಯಾಮೆರಾ ಗಂಟೆಗಟ್ಟಲೆ ಬೆಳಕು ಕುಡಿದರೆ ಮಾತ್ರ ಕಾಣುತ್ತದೆ.

ಅವನು ಹಳೆಯ ಕನ್ನಡಿಯೊಂದನ್ನು ಸಂಪಾದಿಸಿ ದೂರದರ್ಶಕ ಕಟ್ಟಿದ. ಕ್ಯಾಮೆರಾ ಕೂರಿಸುವ ಚಿಕ್ಕ ಕೊಳವೆ ಅಂಗಡಿಯಲ್ಲಿ ಸಿಗಲಿಲ್ಲ. ಅದನ್ನು ಹಾಲೆ ಮರದಲ್ಲಿ ತಾನೇ ಕಡೆದ. ಉದ್ದ ನಾಲ್ಕು ಅಂಗುಲ. ದೂರದರ್ಶಕದ ಒಳಗೆಲ್ಲ ಕಪ್ಪಿರಬೇಕು ಎಂದು ಓದಿದ್ದ. ಅದಕ್ಕೆ ಒಳಗೂ ಹೊರಗೂ ಕಪ್ಪು ಅರಗು ಒತ್ತಿದ. ಮೂರು ದಿನ ಕೇದಗೆ ಎಲೆಯಿಂದ ಉಜ್ಜಿದ. ಅಷ್ಟು ಒಳ್ಳೆಯ ಕಪ್ಪನ್ನು ತಾನು ಹಿಂದೆ ಮಾಡಿರಲಿಲ್ಲ ಎಂದು ಅವನಿಗೆ ಅನ್ನಿಸಿತು.

ಜೊತೆಯಲ್ಲಿ ಲೇತ್ ಓಡಿಸುವವರು ನಕ್ಕರು.

"ನಮ್ಮ ಕುದುರೆಗೆ ನಾಲ್ಕು ಕಾಲು, ನಾಲ್ಕು ಚಕ್ರ ಇದೆ. ನಿನ್ನ ಕುದುರೆಗೆ ಏನಿದೆಯೋ?"

"ತಲೆ ಇದೆ."

"ಅದು ನಿನಗಿಲ್ಲವಲ್ಲ ಮಾರಾಯ."

ಅವನೂ ನಕ್ಕ. ಆದರೆ ಆ ತಲೆಯನ್ನು ಒಮ್ಮೆ ಹಿಡಿಯಲೇಬೇಕು ಎಂದು ಮನಸ್ಸಿನಲ್ಲಿ ಕೂತಿತು.

ಅವನ ಮನೆಯ ಮೂಡಣಕ್ಕೆ ಒಬ್ಬ ರೈತ ಹೆಂಗಸಿನ ಸೇವಂತಿಗೆ ತೋಟ ಇತ್ತು. ಸೇವಂತಿಗೆಗೆ ಒಂದು ಗುಣ ಇದೆ. ಉದ್ದನೆಯ ಕತ್ತಲು ಸಿಕ್ಕರೆ ಅದು ಮೊಗ್ಗು ಬಿಡುತ್ತದೆ. ಗಿಡ ಎಷ್ಟು ಎತ್ತರ ಬೆಳೆದಿದೆ ಎಂದು ನೋಡುವುದಿಲ್ಲ. ಅದಕ್ಕೆ ಬೆಳೆಯುವವರು ಗಿಡ ಎಳೆಯದಾಗಿರುವಾಗ ಸಾಲು ಸಾಲಾಗಿ ಬಲ್ಬು ಕಟ್ಟಿ, ಮುಸ್ಸಂಜೆಯಿಂದ ನಡುರಾತ್ರಿ ದಾಟುವವರೆಗೆ ಉರಿಸುತ್ತಾರೆ. ಗಿಡ ಇನ್ನೂ ಹಗಲಿದೆ ಎಂದುಕೊಂಡು ಬೆಳೆಯುತ್ತಾ ಹೋಗುತ್ತದೆ. ಬೇಕಾದ ಎತ್ತರ ಬಂದ ಮೇಲೆ ದೀಪ ನಿಲ್ಲಿಸಿದರೆ, ಬೇಕಾದ ಹಬ್ಬಕ್ಕೆ ಹೂ ಬರುತ್ತದೆ.

ಅವಳು ದೀಪ ಕಟ್ಟಿದ್ದು ಅದೇ ಮೊದಲ ವರ್ಷ. ಯುಗಾದಿಗೆ ಹೂ ಬರಬೇಕು ಎಂದು ಲೆಕ್ಕ ಹಾಕಿ ಗಿಡ ನೆಟ್ಟಿದ್ದಳು. ಆ ವರ್ಷ ಅವಳು ಬೇರೇನೂ ಬೆಳೆದಿರಲಿಲ್ಲ. ಬಲ್ಬಿನ ಕಂಬಗಳನ್ನು ನೆಟ್ಟುಕೊಟ್ಟವನು ಪಕ್ಕದ ಮನೆಯ ಆಟಿಕೆ ಮಾಡುವವನೇ.

ಎಂಟು ಸಾಲು. ನಾನೂರ ಹನ್ನೆರಡು ಬಲ್ಬು. ಸಂಜೆ ಅವೆಲ್ಲ ಒಟ್ಟಿಗೆ ಹೊತ್ತಿಕೊಂಡಾಗ ತೋಟ ನೆಲದಿಂದ ಒಂದು ಗೇಣು ಮೇಲೆದ್ದು ತೇಲುತ್ತಿರುವಂತೆ ಕಾಣುತ್ತಿತ್ತು. ಮಂಜು ಬಿದ್ದ ದಿನ ಬಲ್ಬುಗಳು ಕಾಣುತ್ತಿರಲಿಲ್ಲ. ಬೆಳಕು ಮಾತ್ರ ಕಾಣುತ್ತಿತ್ತು.

ಎಳ್ಳಮಾವಾಸ್ಯೆಗೆ ಹತ್ತು ದಿನ ಮುಂಚೆ ಅವನು ಕುದುರೆಯ ಮೊದಲ ಚಿತ್ರ ತೆಗೆದ. ಚಿತ್ರದಲ್ಲಿ ಕುದುರೆ ಇರಲಿಲ್ಲ. ಅದು ಇರಬೇಕಾದ ಜಾಗದ ಮೇಲೆ ಒಂದು ಬೆಳಕಿನ ಕಮಾನು ಇತ್ತು. ಮಾರನೆಯ ದಿನವೂ ಇತ್ತು. ಅದೇ ಜಾಗ, ಅದೇ ಬಾಗು.

ಅವನು ತಲೆಯೆತ್ತಿ ನೋಡಿದ. ಎದುರಿಗೆ ನಾನೂರ ಹನ್ನೆರಡು ದೀಪ ಉರಿಯುತ್ತಿದ್ದವು. ಬೇರೆ ಕಾರಣ ಹುಡುಕಬೇಕು ಎಂದು ಅವನಿಗೆ ಅನ್ನಿಸಲಿಲ್ಲ.

ನಡುರಾತ್ರಿ ದಾಟಿ ದೀಪಗಳು ತಾವಾಗಿ ನಿಲ್ಲುವವರೆಗೆ ಕಾಯುವಂತಿರಲಿಲ್ಲ. ಅಷ್ಟು ಹೊತ್ತಿಗೆ ಮಹಾವ್ಯಾಧ ಪಡುವಣದ ಮನೆಗಳ ಹಿಂದಕ್ಕೆ ಇಳಿಯತೊಡಗಿರುತ್ತಿದ್ದ. ಅವನು ಅವಳ ಬಳಿಗೆ ಹೋದ.

"ಅಕ್ಕಾ, ಒಂದು ಸಾಲು ದೀಪ ಆರಿಸ್ತೀಯಾ? ಒಂದೇ ಸಾಲು. ಯಾವ ಸಾಲಿಂದ ಬೆಳಕು ಬರ್ತಿದೆ ಅಂತ ನೋಡಬೇಕು."

"ನೋಡಿ ಏನು ಮಾಡ್ತೀಯಾ?"

"ಕುದುರೆ ಹಿಡೀತೀನಿ."

"ಹಿಡಿದ್ರೆ ನನಗೂ ತೋರಿಸ್ತೀಯೇನಪ್ಪ?"

"ಮೊದಲು ನಿನಗೇ ತೋರಿಸ್ತೀನಿ."

ಕಂಬ ನೆಟ್ಟುಕೊಟ್ಟವನು ಕೇಳುತ್ತಿದ್ದಾನೆ. ಅವಳು ಒಂದು ಸಾಲು ಆರಿಸಿದಳು.

ಅವನು ಕ್ರಮ ತಪ್ಪುವವನಲ್ಲ. ಮೊದಲ ರಾತ್ರಿ ಒಂದು ಸಾಲು. ಚಿತ್ರ ತೆಗೆದ. ಕಮಾನು ಇತ್ತು. ಎರಡನೆಯ ರಾತ್ರಿ ಎರಡು ಸಾಲು. ಇತ್ತು. ಮೂರನೆಯ ರಾತ್ರಿ ಮೂರು. ಪ್ರತಿ ಬೆಳಿಗ್ಗೆ ಒಂದು ಪುಸ್ತಕದಲ್ಲಿ ಬರೆದಿಟ್ಟ: ಇಷ್ಟು ಸಾಲು ಆರಿದೆ, ಕಮಾನು ಇದೆ. ಎಂಟನೆಯ ರಾತ್ರಿ ತೋಟ ಪೂರ್ತಿ ಕತ್ತಲಾಯಿತು.

ಆ ರಾತ್ರಿಯ ಚಿತ್ರದಲ್ಲಿ ಕಮಾನು ಹಿಂದಿಗಿಂತ ಸ್ಪಷ್ಟವಾಗಿತ್ತು. ಆಕಾಶ ಕಪ್ಪಾದ ಹಾಗೆ ಅದು ಎದ್ದು ಕಾಣುತ್ತಿತ್ತು.

ಇಲ್ಲಿ ಅವನು ನಿಲ್ಲಬೇಕಿತ್ತು. ಅವನು ಬರೆದಿಟ್ಟ ಪುಸ್ತಕ ಅವನಿಗೆ ಉತ್ತರ ಹೇಳಿತ್ತು. ಆದರೆ ಅವನು ದೀಪ ಹುಡುಕುತ್ತಿದ್ದ, ಉತ್ತರ ಹುಡುಕುತ್ತಿರಲಿಲ್ಲ. ಇನ್ನೂ ಎಲ್ಲೋ ಒಂದು ಉಳಿದಿದೆ ಎಂದುಕೊಂಡ. ತೋಟವನ್ನು ಇನ್ನೂ ಮೂರು ರಾತ್ರಿ ಕತ್ತಲಲ್ಲಿ ಇಡಿಸಿದ. ಹತ್ತನೆಯ ರಾತ್ರಿ ಅವಳ ಹೊಸ್ತಿಲ ಮುಂದಿನ ಬಲ್ಬನ್ನೂ ಆರಿಸಲು ಕೇಳಿದ. ಹನ್ನೊಂದನೆಯ ರಾತ್ರಿ ಅಡುಗೆಮನೆಯ ಕಿಟಕಿ ಮುಚ್ಚಲು ಕೇಳಿದ.

"ಒಲೆಯನ್ನೂ ಆರಿಸಲೇನಪ್ಪ?" ಎಂದಳು ಅವಳು. ಆದರೂ ಕಿಟಕಿ ಮುಚ್ಚಿದಳು.

ಕಮಾನು ಇತ್ತು.

ಆ ರಾತ್ರಿ ಅವನಿಗೆ ಒಂದು ಕನಸು ಬಿತ್ತು. ಮೇಲಿನ ಕುದುರೆ ತೋಟಕ್ಕೆ ಇಳಿದು ಬಂದಿತ್ತು. ಅದಕ್ಕೆ ಮೈ ಇರಲಿಲ್ಲ, ತಲೆ ಮಾತ್ರ. ದೀಪಗಳೆಲ್ಲ ಮತ್ತೆ ಉರಿಯುತ್ತಿದ್ದವು. ಕುದುರೆ ಸಾಲು ಹಿಡಿದು ಒಂದೊಂದೇ ದೀಪವನ್ನು ಮೇಯುತ್ತಾ ಬರುತ್ತಿತ್ತು. ಅವಸರವಿಲ್ಲ. ಸದ್ದಿಲ್ಲ. ಅದು ಮೇಯ್ದ ಕಡೆ ಕತ್ತಲು ಮೊಳೆಯುತ್ತಿತ್ತು. ಕೊನೆಯ ದೀಪ ಮೇಯ್ದ ಮೇಲೆ ಅದು ತಲೆಯೆತ್ತಿ ಅವನನ್ನು ನೋಡಿತು. ಅದರ ಕಣ್ಣಿನಲ್ಲಿ ಕಮಾನು ಇತ್ತು. ಕಣ್ಣು ಹತ್ತಿರ ಬಂತು. ಒಳಗೆ ಇಣುಕಿ ನೋಡಬೇಕು ಎಂದು ಬಗ್ಗುವಷ್ಟರಲ್ಲಿ ಅವನಿಗೆ ಎಚ್ಚರವಾಯಿತು.

ಬೆಳಗಾಗಿತ್ತು. ಅವನು ತೋಟಕ್ಕೆ ಹೋದ. ಅವಳು ಮೊದಲ ಸಾಲಿನ ಮಧ್ಯೆ ಕುಕ್ಕರುಗಾಲಲ್ಲಿ ಕೂತಿದ್ದಳು. ಒಂದು ಗಿಡದ ತುದಿಯನ್ನು ಎರಡು ಬೆರಳಲ್ಲಿ ಹಿಡಿದಿದ್ದಳು.

"ಬಾ ಇಲ್ಲಿ," ಎಂದಳು.

ಗಿಡ ಒಂದು ಗೇಣು ಎತ್ತರ ಇತ್ತು. ಅದರ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಮೊಗ್ಗು ಕೂತಿತ್ತು. ಪಕ್ಕದ ಗಿಡದಲ್ಲಿಯೂ ಇತ್ತು. ಅದರ ಪಕ್ಕದ್ದರಲ್ಲಿಯೂ.

"ಇಷ್ಟು ಗಿಡಕ್ಕೆ ಇಷ್ಟು ಬೇಗ ಮೊಗ್ಗು ಬಂದ್ರೆ ಹೂ ಕಡಲೆಕಾಳಿನಷ್ಟು ಆಗ್ತದೆ. ಯಾರು ತಗೋತಾರೆ?" ಎಂದಳು. "ಗಿಡ ರಾತ್ರಿ ಎಣಿಸ್ತದಂತೆ. ಬಲ್ಬು ಕೊಟ್ಟವನು ಹೇಳಿದ್ದ. ಎರಡು ಮೂರು ರಾತ್ರಿಗೆ ಏನಾಗ್ತದೆ ಅಂದ್ಕೊಂಡೆ. ಅದು ಎಲ್ಲಾ ಎಣಿಸಿದೆ."

ಅವನೂ ಗಿಡದ ಪಕ್ಕ ಕೂತ. "ಅಕ್ಕಾ, ಕಮಾನು ನಿನ್ನ ದೀಪದ್ದಲ್ಲ," ಎಂದ.

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಯಾವುದು ಅಂತ ನೋಡ್ದೆಯಾ?"

"ಎಲ್ಲಾ ನೋಡ್ದೆ."

"ನನ್ನ ಮನೇಲಿ ಇರೋದೆಲ್ಲಾ ನೋಡ್ದೆ. ನಿನ್ನ ಡಬ್ಬದೊಳಗೆ ಏನಿದೆ?"

"ಅದರೊಳಗೆ ಕಪ್ಪು ಬಿಟ್ಟು ಏನೂ ಇಲ್ಲ ಅಕ್ಕಾ. ಕೈಯಾರೆ ಉಜ್ಜಿದ್ದು."

"ತೋರ್ಸು ನಡಿ."

ಅವಳು ಕೈ ಒರೆಸಿಕೊಂಡು ಅವನ ಅಂಗಳಕ್ಕೆ ಬಂದಳು. ಹೊತ್ತು ಏರಿತ್ತು. ದೂರದರ್ಶಕ ರಾತ್ರಿ ನಿಂತಲ್ಲಿಯೇ ನಿಂತಿತ್ತು. ಬಾಯಿ ಪಡುವಣದ ನೀಲಿ ಆಕಾಶಕ್ಕೆ ತೆರೆದಿತ್ತು. ಅವಳಿಗೆ ನೋಡಲು ಜಾಗ ಬೇಕಲ್ಲ ಎಂದು ಅವನು ಕ್ಯಾಮೆರಾ ಬಿಚ್ಚಿದ. ಕ್ಯಾಮೆರಾ ಇದ್ದ ಜಾಗಕ್ಕೆ ಅವಳು ಕಣ್ಣಿಟ್ಟಳು.

"ಕುದುರೆ ಇಲ್ಲ," ಎಂದಳು. "ಬಳೆ ಇದೆ."

"ಯಾವ ಬಳೆ?"

"ಬೆಳ್ಳನೆ ಬಳೆ. ಹೊಸ ಬಳೆ ಥರ ಫಳಫಳ ಅಂತಿದೆ. ನೀನೇ ನೋಡು."

ಅವನು ಕಣ್ಣಿಟ್ಟ.

ಆ ಮರದ ಕೊಳವೆಯನ್ನು ಅವನು ನೂರು ಸಲ ನೋಡಿದ್ದ. ಕೈಯಲ್ಲಿ ಹಿಡಿದು, ನೇರವಾಗಿ ನೋಡಿದ್ದ. ನೇರವಾಗಿ ನೋಡಿದರೆ ಅರಗು ಕಪ್ಪು. ಓರೆಯಾಗಿ ನೋಡಿದರೆ ಅದು ಕನ್ನಡಿ. ಕ್ಯಾಮೆರಾ ಕೂರುವ ಜಾಗದಿಂದ ಕೊಳವೆಯ ಗೋಡೆ ಓರೆಯಾಗಿಯೇ ಕಾಣುವುದು. ಅಲ್ಲಿಂದ ಅವನು ಒಮ್ಮೆಯೂ ನೋಡಿರಲಿಲ್ಲ. ಅವನು ಮೂರು ದಿನ ಉಜ್ಜಿದ ಕಪ್ಪು, ಹಗಲಿನ ಆಕಾಶವನ್ನೆಲ್ಲ ಹಿಡಿದುಕೊಂಡು, ಬಿಳಿಯ ಬಳೆಯಾಗಿ ಅವನ ಕಣ್ಣಿನ ಸುತ್ತ ಹೊಳೆಯುತ್ತಿತ್ತು.

ಕಮಾನಿನ ಬೆಳಕು ಎಲ್ಲಿಂದ ಬರುತ್ತಿತ್ತು ಎಂದು ಆಗ ಅವನಿಗೆ ತಿಳಿಯಿತು. ಕುದುರೆಯ ಪಕ್ಕದಲ್ಲಿಯೇ ಸೊಂಟಪಟ್ಟಿಯ ಪ್ರಖರ ನಕ್ಷತ್ರ ಇದೆ. ಅದು ಚಿತ್ರದ ಅಂಚಿನಿಂದ ಸ್ವಲ್ಪವೇ ಹೊರಗೆ ಇರುತ್ತಿತ್ತು. ಅದರ ಬೆಳಕು ಕೊಳವೆಯ ಗೋಡೆಗೆ ತಾಗಿ ಕ್ಯಾಮೆರಾದ ಮೇಲೆ ಜಾರುತ್ತಿತ್ತು. ಊರಿನ ದೀಪಗಳೆಲ್ಲ ಆರಿದರೂ ಅದು ಆರುವಂಥದ್ದಲ್ಲ.

ಅವನು ತುಂಬಾ ಹೊತ್ತು ಕಣ್ಣು ತೆಗೆಯಲಿಲ್ಲ.

"ಏನಪ್ಪ, ಒಳಗೇ ಹೋದೆಯಾ?" ಎಂದಳು ಅವಳು.

ಮಧ್ಯಾಹ್ನ ಅವನು ಕೊಳವೆಯನ್ನು ಬಿಚ್ಚಿ ಲೇತ್‌ಗೆ ಕಟ್ಟಿದ. ಜೊತೆಯವರು ಏನು ಮಾಡುತ್ತಿದ್ದಾನೆ ಎಂದು ನೋಡಲು ಬಂದರು. ಅವನು ಒಳಗೆ ಮರಳು ಕಾಗದ ಹಿಡಿದ. ಅರಗು ಪುಡಿಯಾಗಿ ಉದುರಿತು. ಹೊಳಪು ಹೋಯಿತು. ಒಬ್ಬ ಮುದುಕ, ಅವನಿಗೆ ಕೆಲಸ ಕಲಿಸಿದವನು, "ಇಂಥ ಕೆಲಸ ಹಾಳು ಮಾಡ್ತಿದ್ದೀಯಲ್ಲೋ," ಎಂದು ಎದ್ದು ಹೋದ. ಅವನು ಉಳಿಯಿಂದ ಒಳಗೋಡೆಗೆ ಒತ್ತೊತ್ತಾಗಿ ಗೀರು ಕೊರೆದ. ಆಮೇಲೆ ಹರಳೆಣ್ಣೆಯ ದೀಪ ಹಚ್ಚಿ, ಅದರ ಹೊಗೆಯ ಮೇಲೆ ಕೊಳವೆಯನ್ನು ತಿರುಗಿಸಿ ತಿರುಗಿಸಿ ಮಸಿ ಹಿಡಿಸಿದ. ಒಳಗೋಡೆ ಮಂಕಾಯಿತು. ಹೇಗೆ ತಿರುಗಿಸಿದರೂ ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ.

ಆ ಸಂಜೆ ಅವಳು ಎಂಟೂ ಸಾಲು ದೀಪ ಹಾಕಿದಳು. ಅವನು ಮನೆಯಿಂದಲೇ ನೋಡಿದ. ಮಂಜು ಇಳಿಯುತ್ತಿತ್ತು. ತೋಟ ಮತ್ತೆ ಒಂದು ಗೇಣು ಮೇಲೆದ್ದಿತು.

ಅದರಾಚೆ ಮಹಾವ್ಯಾಧ ಏರಿ ಬಂದ. ಅವನು ಕ್ಯಾಮೆರಾ ತೆರೆದಿಟ್ಟ. ದೀಪಗಳಿಂದ ಆಕಾಶ ಬೂದಿಬಣ್ಣಕ್ಕೆ ತಿರುಗಿತ್ತು. ಅದಕ್ಕೆ ಅವನು ಎರಡು ಗಂಟೆಯ ಬದಲು ಐದು ಗಂಟೆ ಬೆಳಕು ಹಿಡಿದ. ಹಾಗೆ ನಾಲ್ಕು ರಾತ್ರಿ ಹಿಡಿದು ಒಟ್ಟು ಸೇರಿಸಿದ. ನಾಲ್ಕನೆಯ ರಾತ್ರಿಯ ಕೊನೆಗೆ ಚಿತ್ರದಲ್ಲಿ ಕಮಾನು ಇರಲಿಲ್ಲ. ಮಸುಕು ಕೆಂಪಿನ ಮುಂದೆ ಒಂದು ಕಪ್ಪು ತಲೆ ಇತ್ತು. ಅದು ಪಕ್ಕಕ್ಕೆ ತಿರುಗಿಕೊಂಡಿತ್ತು. ಏನನ್ನೋ ಮೇಯುವುದನ್ನು ನಿಲ್ಲಿಸಿ ಆಲಿಸುತ್ತಿರುವಂತೆ ಇತ್ತು.

ಬೆಳಿಗ್ಗೆ ಅವನು ಮಾತು ಕೊಟ್ಟಂತೆ ಅದನ್ನು ಮೊದಲು ಅವಳಿಗೆ ತೋರಿಸಿದ. ಅವಳು ಚಿತ್ರವನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಇದಕ್ಕೆ ನನ್ನ ದೀಪ ಅಡ್ಡ ಬರಲಿಲ್ಲವಾ?"

"ಇಲ್ಲ."

"ಮೊನ್ನೆಯೂ ಬರ್ತಿರಲಿಲ್ಲ?"

"ಮೊನ್ನೆಯೂ ಬರ್ತಿರಲಿಲ್ಲ ಅಕ್ಕಾ."

ಅವಳು ಚಿತ್ರವನ್ನು ಅವನ ಕೈಗೆ ಕೊಟ್ಟು, ಗಿಡದ ಸಾಲಿಗೆ ಇಳಿದಳು. ಮೊಗ್ಗು ಬಂದ ತುದಿಗಳನ್ನು ಒಂದೊಂದಾಗಿ ಚಿವುಟಿ ಹಾಕುತ್ತಿದ್ದಳು. ತುದಿ ಚಿವುಟಿದರೆ ಗಿಡ ಕವಲೊಡೆದು ಮತ್ತೆ ಬೆಳೆಯುತ್ತದೆ. ಆದರೆ ತಡವಾಗುತ್ತದೆ. ಅವನು ಚಿತ್ರವನ್ನು ಕಂಬಕ್ಕೆ ಸಿಕ್ಕಿಸಿ ಪಕ್ಕದ ಸಾಲಿಗೆ ಇಳಿದ. ಅವಳು ಬೇಡ ಅನ್ನಲಿಲ್ಲ, ಬಾ ಅನ್ನಲೂ ಇಲ್ಲ. ಹಾಗೆ ಒಂಬತ್ತು ಬೆಳಿಗ್ಗೆ ಇಬ್ಬರೂ ಮೊಗ್ಗು ಚಿವುಟಿದರು. ಅವನ ಬೆರಳಿಗೆ ಸೇವಂತಿಗೆಯ ಕಹಿ ಹತ್ತಿ ಊಟ ರುಚಿಸುತ್ತಿರಲಿಲ್ಲ.

ಯುಗಾದಿಯ ದಿನ ತೋಟ ಹಸಿರಾಗಿತ್ತು. ಮೊಗ್ಗು ಬಿಗಿಯಾಗಿದ್ದವು. ಹಬ್ಬ ಕಳೆದು ಹದಿನಾರನೆಯ ದಿನ ಹೂ ಅರಳಿತು. ದೊಡ್ಡ ಹೂ, ಒಳ್ಳೆಯ ಹಳದಿ. ಕೊಳ್ಳುವವರು ಇರಲಿಲ್ಲ.

*

ಮೇಷ್ಟ್ರು ಕತೆ ನಿಲ್ಲಿಸಿದರು. ಪಡುವಣ ಕಿಟಕಿಯ ಬಿಸಿಲು ಕೋಣೆಯೊಳಗೆ ಎರಡು ಹೆಜ್ಜೆ ಬಂದಿತ್ತು. ಕನ್ನಡಿ ಉಜ್ಜುವ ಪುಡಿಯ ಧೂಳು ಅದರಲ್ಲಿ ನಿಧಾನವಾಗಿ ಏಳುತ್ತಾ ಇಳಿಯುತ್ತಾ ಇತ್ತು. ಧರಣೇಂದ್ರ ಅದನ್ನೇ ನೋಡುತ್ತಾ ಕೂತಿದ್ದ. ಆ ತೋಟ, ಆ ದೀಪಗಳು ಇನ್ನೂ ಅವನ ಕಣ್ಣಿನಲ್ಲಿದ್ದವು.

ಮೇಷ್ಟ್ರು ಅರ್ಜಿಯನ್ನು ಎತ್ತಿಕೊಂಡು ಕನ್ನಡಕ ಹಾಕಿಕೊಂಡರು.

"ಈ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ?"

"ಒಂಬತ್ತೂವರೆಗೆ."

"ದೀಪ ಎಂಟಕ್ಕೆ ಆರಬೇಕು."

"ಹೌದು ಮೇಷ್ಟ್ರೇ."

ಮೇಷ್ಟ್ರು ಅರ್ಜಿಯನ್ನು ಮಡಿಸಿ ಅವನ ಮುಂದೆ ಇಟ್ಟರು. ಸಹಿ ಹಾಕಿರಲಿಲ್ಲ.

ಧರಣೇಂದ್ರ ತನ್ನ ದೂರದರ್ಶಕದ ಕಡೆ ನೋಡಿದ. ಆಮೇಲೆ, "ಕತೆ ಅರ್ಥವಾಯಿತು ಮೇಷ್ಟ್ರೇ. ಆದರೆ ನನ್ನ ಕೊಳವೆಯೊಳಗೆ ಅರಗು ಇಲ್ಲವಲ್ಲ," ಎಂದ.

"ಅರಗು ಇಲ್ಲ," ಎಂದರು ಮೇಷ್ಟ್ರು. "ಹೊಳೆಯುವ ಹೊಸ ತಿರುಪುಗಳು ಐದು."